ಗುರ್ತ ಹಿಡಿಯೂದಿಲ್ರಿ

ನಮ್ಮ ಅತ್ತೆಯವರ ಮನೆತನದಲ್ಲಿ ಕುರಿಗೆ ಜಡ್ಡು ಬಂದರೆ ಜಡ್ಡು ಬಂದಿದೆ ಎನ್ನುವುದಿಲ್ಲ. ‘ಮುನಿಸ್ಕೊಂಡೈತಿ’ ಎನ್ನುತ್ತಾರೆ. ಕಾಲು ಸೋತು ಹಿಂಡಿನ ಹಿಂದೆ ಬೀಳುವ ಮರಿಯನ್ನು ಹೆಗಲ ಮೇಲೆ ಹಾಕಿಕೊಂಡು ಊರಿಂದೂರಿಗೆ ನಡೆಯುತ್ತಾರೆ. ಯಾರಾದರೂ ಏನಾಗಿದೆ ಎಂದು ಕೇಳಿದರೆ ‘ಅದಕ್ಕ ನನ್ನ ಬಿಟ್ಟಿರಾಕ ಆಗೂದಿಲ್ರಿ’ ಎಂದು ನಕ್ಕು ಮುಂದೆ ಹೋಗುತ್ತಾರೆ. ಹಟ್ಟಿಯ ಕೊರತೆಯನ್ನು ಹೊರಗಿನವರ ಕಿವಿಗೆ ಹಾಕಬಾರದು, ಬಾಯಿಬಿಟ್ಟು ಹೇಳಿದರೆ ಕೊರತೆ ಅಲ್ಲೇ ನಿಂತುಬಿಡುತ್ತದೆ ಎಂಬ ಭಯ ಅವರಿಗೆ. ನಾನು ಹುಕ್ಕೇರಿ ತಾಲ್ಲೂಕಿನ ಹತ್ತರಗಿಯ ಹೆಣ್ಣು. ನಮ್ಮ ತವರಿನಲ್ಲಿ ಅಜ್ಜನ ಕಾಲಕ್ಕೇ ಕುರಿ ಮಾರಿ ಹೊಲ ಹಿಡಿದಿದ್ದರು. ಹೆದ್ದಾರಿಯ ಪಕ್ಕದ ಮನೆ, ಲಾರಿಗಳ ಹಾರ್ನಿಗಿಂತ ಮೇಲೆ ಧ್ವನಿ ಏರಿಸಿದರೆ ಮಾತ್ರ ಮಾತು ಕೇಳುತ್ತಿತ್ತು. ಮೂಡಲಗಿ ಹತ್ತಿರದ ನಾಗನೂರಿಗೆ ಸೊಸೆಯಾಗಿ ಬಂದ ಮೇಲೆ ಹಿಟ್ಟಿನ ಗಿರಣಿ ನನ್ನ ಪಾಲಿಗೆ ಬಂತು, ಗಂಟಲು ಇನ್ನಷ್ಟು ದೊಡ್ಡದಾಯಿತು. ಇದ್ದದ್ದನ್ನು ಇದ್ದ ಹಾಗೆ ಒದರುವ ಸೊಸೆ, ಇದ್ದದ್ದನ್ನು ಸೆರಗಿನಲ್ಲಿ ಮುಚ್ಚಿಡುವ ಅತ್ತೆ. ನಮ್ಮಿಬ್ಬರ ನಡುವೆ ನನ್ನ ಮಗಳು ಹುಟ್ಟಿದಳು.

ಹುಟ್ಟಿದಾಗ ತಡವಾಗಿ ಅತ್ತಳು. ಮಿದುಳಿಗೆ ಉಸಿರು ಸಾಲದೆ ಹೋಗಿದೆ, ಬೆಳವಣಿಗೆ ತಡವಾಗಬಹುದು ಎಂದು ಡಾಕ್ಟರು ಹೇಳಿದರು. ತಡ ಎಂದರೆ ಏನು ಎಂದು ನನಗೆ ನಿಧಾನವಾಗಿ ತಿಳಿಯಿತು. ಓಣಿಯ ಮಕ್ಕಳು ಅಂಬೆಗಾಲಿಟ್ಟು, ನಡೆದು, ಓಡಿ, ಪಾಟಿಚೀಲ ಹಿಡಿದು ಸಾಲಿಗೆ ಹೋದರು. ನನ್ನ ಮಗಳ ಕುತ್ತಿಗೆ ನಿಲ್ಲಲಿಲ್ಲ, ಬೆನ್ನು ನಿಲ್ಲಲಿಲ್ಲ, ಮುಷ್ಟಿ ಬಿಚ್ಚಲಿಲ್ಲ. ಮಾತಂತೂ ಬರಲೇ ಇಲ್ಲ. ಆದರೆ ಅವಳ ಕಣ್ಣು ಬೇರೆ. ಬೇಕು ಅನ್ನಿಸಿದರೆ ಕಣ್ಣು ಮುಚ್ಚಿ ತೆರೆಯುತ್ತಾಳೆ. ಬೇಡ ಅನ್ನಿಸಿದರೆ ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಾಳೆ. ಅಪ್ಪ ಎಲ್ಲಿ ಎಂದರೆ ಕಣ್ಣುಗಳು ಅಪ್ಪನನ್ನು ಹುಡುಕುತ್ತವೆ. ಅವನು ಕುರಿಯ ಜೊತೆ ಹೊರಗೆ ಹೋಗಿದ್ದರೆ ಬಾಗಿಲನ್ನು ನೋಡುತ್ತವೆ. ಇಷ್ಟು ತಿಳಿವಳಿಕೆ ಇದ್ದ ಮಗುವನ್ನು ಜನ ‘ಪಾಪ, ಅದಕ್ಕೇನ ತಿಳೀತೈತಿ’ ಎಂದು ಅವಳ ಮುಂದೆಯೇ ಅನ್ನುತ್ತಿದ್ದರು. ಅಂಥವರ ಜೋಳ ಬೀಸಿಕೊಡುವಾಗ ನಾನು ಬೇಕೆಂದೇ ದಪ್ಪ ಬೀಸಿಕೊಟ್ಟಿದ್ದೇನೆ.

ಅತ್ತೆಗೆ ಅವಳೆಂದರೆ ಪ್ರಾಣ. ಅವಳಿಗೆ ಇವರು ಆಯಿ. ನಮ್ಮ ಕಡೆ ಅಜ್ಜಿಯನ್ನು ಹಾಗೆಯೇ ಕರೆಯುವುದು. ನಾನು ಬೆಳಿಗ್ಗೆ ಗಿರಣಿ ಬಾಗಿಲು ತೆರೆದರೆ ಸಂಜೆಯವರೆಗೆ ಮಗಳು ಆಯಿಯ ಸೊಂಟದ ಮೇಲೆ. ಆಯಿ ಕಸ ಗುಡಿಸುವಾಗಲೂ ಸೊಂಟದ ಮೇಲೆ, ಎಮ್ಮೆಗೆ ನೀರು ಇಡುವಾಗಲೂ ಸೊಂಟದ ಮೇಲೆ. ಮಗಳು ಬೆಳೆದು ಭಾರವಾದಳು, ಆಯಿ ಕುಗ್ಗಿದರು, ಆದರೂ ಕೆಳಗೆ ಇಳಿಸುತ್ತಿರಲಿಲ್ಲ. ಯಾರಾದರೂ ‘ಇನ್ನೂ ನಡ್ಯೂದಿಲ್ಲೇನಬೇ?’ ಎಂದರೆ ಅತ್ತೆಯ ಉತ್ತರ ಒಂದೇ. “ಆಕಿ ಇನ್ನೂ ಮನಸ್ಸ ಮಾಡಿಲ್ಲವಾ. ಮಾಡಿದ್ಲಂದ್ರ ನಿಮ್ಮ ಹುಡುಗೂರನ್ನೆಲ್ಲಾ ಹಿಂದ ಹಾಕ್ತಾಳ.” ಆಯಿ ಹೊರಗೆ ಹೋಗಿ ಬಂದರೆ ಸಾಕು, ಕಾಲಿನ ಬೆಳ್ಳಿ ಕಡಗದ ಸಪ್ಪಳಕ್ಕೇ ಮಗಳ ಮೈಯೆಲ್ಲ ಕುಣಿಯುತ್ತಿತ್ತು. ನನ್ನನ್ನು ಕಂಡರೆ ನಗುತ್ತಿದ್ದಳು, ಆಯಿಯನ್ನು ಕಂಡರೆ ಕೇಕೆ ಹಾಕುತ್ತಿದ್ದಳು. ಹೊಟ್ಟೆಕಿಚ್ಚು ಆಗುತ್ತಿರಲಿಲ್ಲ ಎಂದರೆ ಸುಳ್ಳಾದೀತು.

ಇಂಥ ಮಕ್ಕಳಿಗೆ ಏನೇನೋ ಸೌಲಭ್ಯ ಇವೆ ಎಂದು ಎಲ್ಲರೂ ಹೇಳುತ್ತಾರೆ. ಎಲ್ಲಿ ಇವೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಮಗಳಿಗೆ ಸರ್ಕಾರದ ಅಂಗವಿಕಲರ ಕಾರ್ಡು ಆಗಬೇಕು ಎಂಬುದು ಅಂಗನವಾಡಿ ಟೀಚರಿಗೆ ಗೊತ್ತಿತ್ತು, ಅದನ್ನು ಎಲ್ಲಿ ಕೊಡುತ್ತಾರೆ ಎಂಬುದು ಗೊತ್ತಿರಲಿಲ್ಲ. ಪಂಚಾಯಿತಿಯಲ್ಲಿ ಕೇಳಿದರೆ ಆಸ್ಪತ್ರೆಗೆ ಹೋಗಿ ಎಂದರು. ಆಸ್ಪತ್ರೆಯಲ್ಲಿ ಕೇಳಿದರೆ ಸಾಲಿಯ ಕಡೆಯವರನ್ನು ಕೇಳಿ ಎಂದರು. ಸಾಲಿಯ ಕಡೆಯವರು ಮನೆಗೇ ಬಂದು ಕಲಿಸುವ ಟೀಚರ್ ಇದ್ದಾರೆ ಎಂದರು; ಆ ಟೀಚರ್ ಒಂದು ಸಲ ಬಂದು ಮಗಳ ಫೋಟೋ ತೆಗೆದುಕೊಂಡು ಹೋದವರು ಮತ್ತೆ ಬರಲಿಲ್ಲ, ವರ್ಗವಾಯಿತಂತೆ. ಮೇಲವಂಕಿಯಲ್ಲಿ ಒಬ್ಬ ಎಣ್ಣೆ ಹಾಕಿ ನರ ನೀವುತ್ತಾನೆ ಎಂದು ಯಾರೋ ಹೇಳಿದರು. ಹೋದೆವು. ಮಗಳು ಊರು ಒಂದಾಗುವ ಹಾಗೆ ಅತ್ತಳು, ಅತ್ತೆ ಅವನ ಎಣ್ಣೆ ಬಟ್ಟಲನ್ನು ಒದ್ದು ಎದ್ದು ಬಂದರು. ಮೊದಲ ಸಲ ನನಗೆ ಅತ್ತೆಯ ಮೇಲೆ ಅಭಿಮಾನ ಉಕ್ಕಿದ್ದು ಅವತ್ತೇ.

ಕೊನೆಗೆ ದಾರಿ ತೋರಿಸಿದ್ದು ತವರಿನ ವೈನಿ, ನನ್ನ ಅಣ್ಣನ ಹೆಂಡತಿ. ಗೋಕಾಕದಲ್ಲಿ ಇಂಥ ಮಕ್ಕಳ ಹಗಲು ಕೇಂದ್ರ ಒಂದಿದೆಯಂತೆ, ಕುಳ್ಳಿರಿಸುವುದನ್ನು, ಉಣ್ಣಿಸುವುದನ್ನು, ಮಾತು ಬಾರದವರಿಗೆ ಚಿತ್ರ ತೋರಿಸಿ ಹೇಳಿಕೊಡುವುದನ್ನು ಮಾಡುತ್ತಾರಂತೆ, ದುಡ್ಡು ಕೇಳುವುದಿಲ್ಲವಂತೆ. ನಾನು ಒಬ್ಬಳೇ ಹೋಗಿ ನೋಡಿಕೊಂಡು ಬಂದೆ. ನನ್ನ ಮಗಳ ಹಾಗೆಯೇ ಕುತ್ತಿಗೆ ನಿಲ್ಲದ ಒಂದು ಮಗು ಕಟ್ಟಿಗೆಯ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ತಲೆಗೆ ಆಸರೆ ಇಟ್ಟುಕೊಂಡು, ಅನ್ನ ನುಂಗುತ್ತಿತ್ತು. ನಮ್ಮ ಮನೆಯಲ್ಲಿ ಮಲಗಿಸಿಕೊಂಡೇ ಉಣ್ಣಿಸುವುದು ರೂಢಿ. ತುತ್ತು ಎದೆಗೆ ಹತ್ತಿ ಮಗಳು ಕೆಮ್ಮಿ ಕೆಮ್ಮಿ ನೀಲಿಯಾಗುತ್ತಿದ್ದಳು, ಚಳಿಗಾಲ ಬಂದರೆ ಕಫ ಕಟ್ಟಿ ಆಸ್ಪತ್ರೆ ಸೇರುವುದು ತಪ್ಪುತ್ತಿರಲಿಲ್ಲ. ಹಿಂದಿನ ಚಳಿಗಾಲದಲ್ಲಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಹೀಗೇ ಆದರೆ ಈ ಮಗು ಬಹಳ ದಿನ ಉಳಿಯುವುದಿಲ್ಲ ಎಂದಿದ್ದರು. ಅದಕ್ಕೇ ಆ ಕುರ್ಚಿ ನೋಡಿ ನಾನು ಅಲ್ಲೇ ಅತ್ತುಬಿಟ್ಟೆ. ಕೇಂದ್ರದವರು ಜಾಗ ಕಡಿಮೆ ಇದೆ, ಕಾರ್ಡಿನಲ್ಲಿ ತೊಂದರೆ ಹೆಚ್ಚು ಎಂದು ಬರೆದಿದ್ದವರಿಗೆ ಮೊದಲು ಎಂದರು. ಹೆಚ್ಚಿಲ್ಲದೆ ಮತ್ತೇನು ಎಂದುಕೊಂಡೆ.

ಅಂಗವಿಕಲರ ತಪಾಸಣೆಯ ಶಿಬಿರ ಹುಕ್ಕೇರಿಯಲ್ಲಿ ನಡೆಯುತ್ತದೆ ಎಂದು ವೈನಿಯೇ ಫೋನ್ ಮಾಡಿದಳು. ಗಂಡ ಕುರಿಯ ಜೊತೆ ದೂರದ ಹೊಲಗಳಲ್ಲಿದ್ದ. ಹಿಂದಿನ ದಿನವೇ ಅತ್ತೆಯನ್ನೂ ಮಗಳನ್ನೂ ಕರೆದುಕೊಂಡು ಹತ್ತರಗಿಗೆ ಹೋಗಿ ತವರಿನಲ್ಲಿ ಉಳಿದೆ. ಬೆಳಿಗ್ಗೆ ಎದ್ದು ನೋಡುತ್ತೇನೆ, ಅತ್ತೆ ಮಗಳಿಗೆ ಎರೆದು, ಹೊಸ ಜರಿ ಲಂಗ ತೊಡಿಸಿ, ಹೂ ಮುಡಿಸಿ, ಕಣ್ಣಿಗೆ ಕಾಡಿಗೆ ಹಚ್ಚಿ, ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟು ಕೂತಿದ್ದಾರೆ. ಕನ್ಯಾ ತೋರಿಸಲು ಹೊರಟವರ ಹಾಗೆ.

“ಅತ್ತೀ, ನಾವು ಲಗ್ನಕ್ಕ ಹೊಂಟಿಲ್ರಿ,” ಎಂದೆ.

“ನಾಕ ಮಂದಿ ನೋಡೂ ಜಾಗಾ ಐತಿ. ನಮ್ಮ ಕೂಸ ಹೆಂಗರೆ ಬರಲಿ ಅಂತೀಯೇನ?” ಎಂದರು.

ಶಿಬಿರದಲ್ಲಿ ಜನ ಕಿಕ್ಕಿರಿದಿದ್ದರು. ಆಧಾರ್ ಕಾರ್ಡಿನ ಝೆರಾಕ್ಸ್ ಇನ್ನೊಂದು ಬೇಕು ಎಂದರು. ನಾನು ಅತ್ತೆಯನ್ನೂ ಮಗಳನ್ನೂ ಸಾಲಿನಲ್ಲಿ ಕೂರಿಸಿ ಅಂಗಡಿಗೆ ಓಡಿದೆ. ಅಲ್ಲಿ ಕರೆಂಟ್ ಹೋಗಿತ್ತು, ಇನ್ನೊಂದು ಅಂಗಡಿಗೆ ಓಡಿದೆ. ತಿರುಗಿ ಬರುವಷ್ಟರಲ್ಲಿ ಅತ್ತೆ ಹೊರಗೆ ಕಟ್ಟೆಯ ಮೇಲೆ ಕೂತು, ಮಗಳಿಗೆ ಸೆರಗಿನಿಂದ ಗಾಳಿ ಹಾಕುತ್ತ, ಬಲು ಖುಷಿಯಲ್ಲಿದ್ದರು. ಡಾಕ್ಟರು ಕರೆದರು, ನೋಡಿದರು, ಎಲ್ಲ ಮುಗಿಯಿತು ಎಂದರು.

“ಡಾಕ್ಟರ್ ಏನ ಕೇಳಿದ್ರು?”

“ತಾನ ಉಣ್ತಾಳೇನು ಅಂದ್ರು. ಚೊಲೋ ಉಣ್ತಾಳ್ರಿ ಅಂದೆ. ಮಾತಾಡ್ತಾಳೇನು ಅಂದ್ರು. ನನ್ನ ಜೋಡಿ ಎಲ್ಲಾ ಮಾತಾಡ್ತಾಳ್ರಿ ಅಂದೆ. ಕುಂದರ್ತಾಳೇನು, ನಿಂದರ್ತಾಳೇನು ಅಂದ್ರು. ಹಿಡಕೊಂಡ್ರ ಕುಂದರ್ತಾಳ್ರಿ, ಮನಸ್ಸ ಮಾಡಿದ್ರ ನಿಂದರ್ತಾಳ್ರಿ ಅಂದೆ.” ಆಮೇಲೆ ಹೆಮ್ಮೆಯಿಂದ ಸೇರಿಸಿದರು: “ಆಕಿ ಸಣ್ಣಾಕಿದ್ದಾಗಿಂದ ನೋಡಾಕತ್ತೇನಿ, ನನಗ ಗೊತ್ತಿಲ್ಲದ್ದ ಏನೈತಿ? ಒಂದಕ್ಕೂ ತಡವರಿಸಲಿಲ್ಲ ನೋಡು.”

ಮಗಳು ಆಯಿಯ ಮಡಿಲಲ್ಲಿ ಜರಿ ಲಂಗದೊಳಗೆ ನಿದ್ದೆ ಹೋಗಿದ್ದಳು. ಡಾಕ್ಟರಿಗೆ ಕಂಡದ್ದು ಅಷ್ಟೇ: ದುಂಡಗೆ ಮಲಗಿದ ಮಗು, ಎಲ್ಲಕ್ಕೂ ಹೂಂ ಎನ್ನುವ ಅಜ್ಜಿ, ಹೊರಗೆ ಕಾಯುತ್ತಿರುವ ನೂರಾರು ಮಂದಿ. ಅವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ನಾನು ಒಳಗೆ ನುಗ್ಗಿ ಇನ್ನೊಮ್ಮೆ ನೋಡಿ ಎಂದು ಗೋಗರೆದೆ. ಮುಂದಿನ ಸಲ ಬನ್ನಿ ಎಂದು ಕಳಿಸಿದರು. ಕಾರ್ಡು ಬಂದಾಗ ತೊಂದರೆಯ ಪ್ರಮಾಣ ಕಡಿಮೆ ಎಂದು ಬರೆದಿತ್ತು. ಗೋಕಾಕದ ಕೇಂದ್ರದವರು ನೋಡಿ, ಇವಳಿಗಿಂತ ಮುಂಚೆ ಬಹಳ ಮಕ್ಕಳು ಕಾಯುತ್ತಿದ್ದಾರಲ್ಲಾ ಎಂದು ಕಾರ್ಡನ್ನು ಮೆಲ್ಲಗೆ ನನ್ನ ಕೈಗೆ ಕೊಟ್ಟರು.

ಮನೆಗೆ ಬಂದು ಅತ್ತೆಯನ್ನು ಬೈದೆ. ಗಿರಣಿ ಓಡುತ್ತಿತ್ತು, ಆದರೂ ಓಣಿಗೆಲ್ಲ ಕೇಳುವ ಹಾಗೆ ಬೈದೆ. ಈಗ ನೆನಪಿಸಿಕೊಂಡರೂ ಬೈಯಬಾರದಿತ್ತು ಅನ್ನಿಸುವುದಿಲ್ಲ. ಆ ಚಳಿಗಾಲದಲ್ಲಿ ಮಗಳ ಮೂಗಿಗೆ ಆಮ್ಲಜನಕದ ನಳಿಗೆ ಹಚ್ಚಿದ್ದನ್ನು ನೋಡಿದವರು ಯಾರೇ ಆಗಲಿ ಬೈಯುತ್ತಿದ್ದರು. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಅತ್ತೆ ನೆಲದ ಮೇಲೆ ಕೂತಿದ್ದರು. ಮಗಳ ಎದೆಯ ಗೊರಗೊರ ಸಪ್ಪಳ ಕೇಳುತ್ತ ಕೇಳುತ್ತ ಒಮ್ಮೆ ತಲೆ ಎತ್ತಿ ಕೇಳಿದರು.

“ಡಾಕ್ಟರ್ ಮುಂದ ನಾ ಇಲ್ಲ ಅಂದಿದ್ರ ಆ ಕುರ್ಚಿ ಸಿಗ್ತಿತ್ತೇನವಾ?”

“ಹೂನ್ರಿ,” ಎಂದೆ.

ಮಗಳು ಆ ಸಲವೂ ಉಳಿದಳು. ಅವಳದು ಗಟ್ಟಿ ಜೀವ.

ಮುಂದಿನ ತಪಾಸಣೆ ಗೋಕಾಕದಲ್ಲಿ. ಈ ಸಲ ನಾನು ಝೆರಾಕ್ಸ್ ಕಂತೆಯನ್ನೇ ಮಾಡಿಸಿಕೊಂಡಿದ್ದೆ. ಮಗಳಿಗೆ ಮನೆಯ ಹಳೆಯ ಅಂಗಿ. ಸಾಲಿನಲ್ಲಿ ಪಕ್ಕಕ್ಕೆ ಒಬ್ಬ ಮುದುಕ ಮೊಮ್ಮಗನನ್ನು ಹೊತ್ತು ಕೂತಿದ್ದ. ಇಂಥ ಕಡೆ ತಿರುಗಿ ಪಳಗಿದವನು. ಅವನು ಅತ್ತೆಗೆ ಪಾಠ ಹೇಳುತ್ತಿದ್ದದ್ದು ನನ್ನ ಕಿವಿಗೂ ಬಿತ್ತು. “ಏನ ಕೇಳಿದ್ರೂ ಇಲ್ಲ ಅನ್ಬೇಕ ಅಕ್ಕಾರ. ಒಂದಕ್ಕ ಹೂಂ ಅಂದ್ರಿ ಅಂದ್ರ ಕೆಲಸ ಕೆಟ್ಟಂಗ.” ಅತ್ತೆ ತಲೆ ಆಡಿಸುತ್ತಿದ್ದರು. ಉತ್ತರ ಹೇಳುವುದು ನಾನು, ನೀವು ಸುಮ್ಮನೆ ಕೂತರೆ ಸಾಕು ಎಂದು ನಾನು ಅವರಿಗೆ ಹೇಳಿಯೇ ಇದ್ದೆ. ಆದರೆ ಮಗಳು ಆಯಿಯ ಮಡಿಲು ಬಿಟ್ಟು ಬರಲಿಲ್ಲ, ಡಾಕ್ಟರು ಮಡಿಲಲ್ಲಿದ್ದವರನ್ನೇ ಕೇಳಿದರು.

“ತಾನಾಗಿ ಊಟ ಮಾಡ್ತಾಳಾ?”

“ಇಲ್ರಿ.”

“ಕುಂದರ್ತಾಳಾ?”

“ಇಲ್ರಿ.”

ಮಗಳಿಗೆ ಇದೊಂದು ಆಟದ ಹಾಗೆ ಕಂಡಿತು. ಆಯಿಯ ಬಾಯಿಂದ ಅಂಥ ಮಾತು ಅವಳು ಕೇಳಿಯೇ ಇರಲಿಲ್ಲ. ಒಂದೊಂದು ‘ಇಲ್ರಿ’ಗೂ ಆಯಿಯ ಮುಖವನ್ನೇ ನೋಡುತ್ತ ನಗುತ್ತಿದ್ದಳು. ಮಾತು ಇಲ್ರಿ, ಕೈ ಇಲ್ರಿ, ಒಂದಕ್ಕೆ ಎರಡಕ್ಕೆ ತಿಳಿಯೂದಿಲ್ರಿ. ಅತ್ತೆ ನೆಲ ನೋಡಿಕೊಂಡು ಹೇಳುತ್ತ ಹೋದರು. ಒಂದೊಂದೂ ನಿಜವೇ ಆಗಿತ್ತು, ಆದ್ದರಿಂದ ನಾನು ನಡುವೆ ಬಾಯಿ ಹಾಕಲಿಲ್ಲ.

ಆಮೇಲೆ ಡಾಕ್ಟರು ಕೇಳಿದರು. “ಮನಿಯವರ ಗುರ್ತ ಹಿಡೀತಾಳೇನಮ್ಮಾ? ನಿಮ್ಮನ್ನ?”

ಅತ್ತೆ ತಡವರಿಸಿದರು. ಮುದುಕ ಹೇಳಿದ ಮಾತು ನೆನಪಾಗಿರಬೇಕು, ಆಸ್ಪತ್ರೆಯ ಮಂಚ ನೆನಪಾಗಿರಬೇಕು.

“ಇಲ್ರಿ. ನನ್ನೂ ಗುರ್ತ ಹಿಡಿಯೂದಿಲ್ರಿ.”

ಮಗಳ ನಗು ನಿಂತಿತು. ಆಯಿಯ ಮುಖದಿಂದ ಕಣ್ಣು ತೆಗೆದು ಗೋಡೆಯ ಕಡೆ ತಿರುಗಿದಳು.

“ಇಲ್ರಿ ಸರ್, ಗುರ್ತ ಹಿಡೀತಾಳ್ರಿ! ಎಲ್ಲಾರನ್ನೂ ಹಿಡೀತಾಳ, ಎಲ್ಲಾ ತಿಳೀತೈತ್ರಿ ಆಕಿಗೆ,” ಎಂದು ನಾನು ಕೂಗಿದೆ. ನನ್ನ ಗಿರಣಿ ಗಂಟಲಿಗೆ ಇಡೀ ಖೋಲಿ ತಿರುಗಿ ನೋಡಿತು. ಡಾಕ್ಟರು ಒಳ್ಳೆಯವರು, ಬೈಯಲಿಲ್ಲ. ಮಗಳ ಕಡೆ ನೋಡಿದರು. ಅವಳು ಗೋಡೆ ನೋಡುತ್ತಿದ್ದಳು. “ಹೆತ್ತವರಿಗೆ ಹಂಗ ಅನಸ್ತೈತಿ ಬಿಡ್ರಿ ತಾಯಿ,” ಎಂದು ಬರೆಯತೊಡಗಿದರು.

ಬಸ್ಸಿನಲ್ಲಿ ನಾನು ಅತ್ತೆಯನ್ನು ಬೈಯಲಿಲ್ಲ. ಬೈಯುವುದಕ್ಕೆ ಏನೂ ಉಳಿದಿರಲಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ದಾರಿ ತುಂಬ ಹೋಗುತ್ತಿದ್ದವು, ನಮ್ಮ ಬಸ್ಸು ಅವುಗಳ ಹಿಂದೆ ತೆವಳುತ್ತಿತ್ತು. ಅತ್ತೆ ಮಗಳ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದರು. ಮೂಡಲಗಿ ಬರುವಷ್ಟರಲ್ಲಿ ಮಗಳು ಮತ್ತೆ ನಗತೊಡಗಿದ್ದಳು, ಅದನ್ನು ನೋಡಿ ನನಗೂ ಹಗುರಾಯಿತು.

ಹೊಸ ಕಾರ್ಡು ಬಂತು, ಕೇಂದ್ರದಲ್ಲಿ ಜಾಗವೂ ಸಿಕ್ಕಿತು. ಗಿರಣಿ ಬಿಟ್ಟು ದಿನಾ ಹೋಗುವುದು ನನ್ನಿಂದಾಗದು, ಅತ್ತೆಯೇ ಮಗಳನ್ನು ಹೊತ್ತು ಬಸ್ಸಿನಲ್ಲಿ ಗೋಕಾಕಕ್ಕೆ ಹೋಗಿ ಬರತೊಡಗಿದರು. ಅಲ್ಲಿನ ಟೀಚರ್ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಗೋಕಾಕದ ವ್ಯಾಪಾರಸ್ಥರ ಮನೆಯ ಹುಡುಗಿ, ಹಣೆಯ ಮೇಲೆ ಸಣ್ಣ ವಿಭೂತಿ, ಎಲ್ಲಕ್ಕೂ ತಾಳ್ಮೆ. ಕುರ್ಚಿಗೆ ಪಟ್ಟಿ ಹಾಕಿ ಮಗಳನ್ನು ಕೂರಿಸಿದ ಮೊದಲ ದಿನ ಅತ್ತೆ ರಂಪ ಮಾಡಿದ್ದರಂತೆ, ನಮ್ಮ ಕೂಸನ್ನ ಕಟ್ಟಿಹಾಕ್ತೀರೇನು ಎಂದು. ಆಮೇಲೆ ಕೆಮ್ಮದೆ ಅನ್ನ ನುಂಗುವುದನ್ನು ನೋಡಿ ಸುಮ್ಮನಾದರು. ಆ ವರ್ಷ ಚಳಿಗಾಲದಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಕುತ್ತಿಗೆ ಸ್ವಲ್ಪ ಹೊತ್ತು ನಿಲ್ಲತೊಡಗಿತು. ನನ್ನ ಗಂಡ ಕುರಿ ಹೊಡೆದುಕೊಂಡು ಊರಿಗೆ ಬಂದವನು ಅವಳು ಕತ್ತೆತ್ತಿ ತನ್ನ ಕಡೆ ನೋಡಿದ್ದನ್ನು ಕಂಡು ಹೊರಗೆ ಹೋಗಿ ಕಂಬಳಿಯಲ್ಲಿ ಮುಖ ಒರೆಸಿಕೊಂಡ. ಇಷ್ಟೇ ಆಗಿದ್ದರೆ ನಾನು ಇದನ್ನೆಲ್ಲ ಬರೆಯುತ್ತಲೂ ಇರಲಿಲ್ಲ.

ಕುಳಿತುಕೊಳ್ಳುವುದು ಬಂದ ಮೇಲೆ ಟೀಚರ್ ಚಿತ್ರದ ಪಾಠ ಶುರು ಮಾಡಿದರು. ಮುಂದೆ ಫೋಟೋಗಳನ್ನು ಇಟ್ಟು ಯಾವುದು ಎಲ್ಲಿದೆ ಎಂದು ಕೇಳುವುದು, ಮಗಳು ಕಣ್ಣಿನಿಂದ ತೋರಿಸುವುದು. ಹೀಗೆ ಕಲಿತರೆ ಹಸಿವು, ನೋವು, ಬಾಯಾರಿಕೆ ಎಲ್ಲವನ್ನೂ ಹೇಳಬಹುದಂತೆ. ಮನೆಯವರ ಫೋಟೋ ಕೇಳಿದರು, ಕಳಿಸಿದೆವು. ಅವ್ವ ಎಲ್ಲಿ ಎಂದರೆ ನನ್ನ ಫೋಟೋ ನೋಡಿದಳು. ಅಪ್ಪ ಎಂದರೆ ಅಪ್ಪ. ಎಮ್ಮೆ ಎಂದರೆ ಎಮ್ಮೆ. ಅಜ್ಜಿ ಎಲ್ಲಿ ಎಂದರೆ ಗೋಡೆ.

ಟೀಚರ್ ಅಜ್ಜಿ ಎಂದರು, ಆಯಿ ಎಂದರು, ಫೋಟೋ ಬದಲಿಸಿದರು, ಕೊನೆಗೆ ಅತ್ತೆಯನ್ನೇ ಎದುರಿಗೆ ಕೂರಿಸಿ ಕೇಳಿದರು. ಗೋಡೆ. “ಎಲ್ಲಾರ ಗುರ್ತೂ ಆಗೈತ್ರಿ, ಅಜ್ಜಿದೊಂದ ಇನ್ನೂ ಆಗಿಲ್ಲ. ಆಗ್ತೈತಿ ಬಿಡ್ರಿ,” ಎಂದು ಆ ಹುಡುಗಿ ಸಮಾಧಾನ ಹೇಳಿದಳಂತೆ. ಅವಳಿಗೇನು ಗೊತ್ತು?

ಅತ್ತೆ ಮನೆಗೆ ಬಂದು ಇದನ್ನು ಹೇಳಿದಾಗ ನಾನು ನಂಬಲಿಲ್ಲ. ಅವರ ಸೊಂಟದ ಮೇಲಿದ್ದ ಮಗಳು ಬೆರಳನ್ನು ಅವರ ಸೆರಗಿಗೆ ಕೊಂಡಿಯ ಹಾಗೆ ಸಿಕ್ಕಿಸಿಕೊಂಡು ಕೇಕೆ ಹಾಕುತ್ತಿದ್ದಳು. ಮರುದಿನ ಗಿರಣಿ ಮುಚ್ಚಿ ನಾನೂ ಹೋದೆ. ಬಸ್ಸಿನಲ್ಲಿ ನಗು, ಗೇಟಿನ ತನಕ ನಗು. ಕುರ್ಚಿಯಲ್ಲಿ ಕೂತು, ಟೀಚರ್ ಎದುರಿಗೆ ಬಂದು, ಆಯಿ ಎಲ್ಲಿ ಎಂದು ಕೇಳಿದ ಕೂಡಲೇ ಅವಳ ಮುಖ ಮೆಲ್ಲಗೆ ಗೋಡೆಗೆ ತಿರುಗಿತು. ನಾನು ಕಣ್ಣಾರೆ ನೋಡಿದೆ.

ನನಗನ್ನಿಸಿದ್ದು, ಇವಳಿಗೆ ಸಿಟ್ಟು ಬಂದಿದೆ ಎಂದು. ನಾಲ್ಕು ಮಂದಿಯ ನಡುವೆ ಆಯಿ ತನ್ನನ್ನು ಹಾಗೆ ಅಂದದ್ದನ್ನು ಮರೆತಿಲ್ಲ ಎಂದು. ಸಿಟ್ಟಿನಲ್ಲಿ ನನ್ನ ಮಗಳೇ ಅಲ್ಲವೇ? ಅತ್ತೆ ಬೇರೆಯೇ ಹೇಳಿದರು. ಕೇಂದ್ರದ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತು, ದನಿ ತಗ್ಗಿಸಿ ಹೇಳಿದರು.

“ಆಕಿ ಸಿಟ್ಟಿನಾಕಿ ಅಲ್ಲವಾ. ನಾ ಆಫೀಸ್ ಮಂದಿ ಮುಂದ ಇಲ್ಲ ಅಂದೇನಲ್ಲ, ಅದಕ್ಕ ಆಕಿನೂ ಅವರ ಮುಂದ ಇಲ್ಲ ಅನ್ನಾಕತ್ತಾಳ. ಎಲ್ಲಿ ಆಯೀ ಮಾತ ಸುಳ್ಳ ಆಗ್ತೈತೋ, ಎಲ್ಲಿ ಕುರ್ಚಿ ಕಸಗೊಂತಾರೋ ಅಂತ. ನನ್ನ ಮಾತ ಉಳಸಾಕತ್ತಾಳ.”

ಇಷ್ಟು ದಿನ ‘ಮನಸ್ಸ ಮಾಡಿಲ್ಲ’ ಎಂದು ಹೇಳಿದ ಹಾಗೆ ಇದೂ ಅತ್ತೆಯ ಒಂದು ಮುಚ್ಚುಮರೆ ಎಂದು ಮೊದಲು ಅಂದುಕೊಂಡೆ. ಆದರೆ ಅವರು ಒಳಗೆ ಹೋಗಿ ಕುರ್ಚಿಯ ಮುಂದೆ ಮಂಡಿ ಊರಿ ಕೂತು, ಮಗಳ ಮುಷ್ಟಿಗಳನ್ನು ತಮ್ಮ ಕೈಯಲ್ಲಿ ಹಿಡಿದು, “ಈಗ ಹೇಳಬೋದವಾ, ನನ್ನ ಕೂಸ. ಯಾರೂ ಏನೂ ಅನ್ನೂದಿಲ್ಲ. ಯಾರೂ ಕುರ್ಚಿ ಒಯ್ಯೂದಿಲ್ಲ. ಆಯೀನ ನೋಡ, ಒಂದ ಸಲ ನೋಡ,” ಎಂದು ಬೇಡಿಕೊಂಡರು. ಅತ್ತೆ ಯಾರ ಮುಂದೆಯೂ ಮಂಡಿ ಊರಿದ್ದನ್ನು ನಾನು ನೋಡಿದವಳಲ್ಲ. ಮಗಳ ಕಣ್ಣಲ್ಲಿ ನೀರು ತುಂಬಿ ಕೆನ್ನೆಗೆ ಇಳಿಯಿತು, ಆದರೆ ಅವಳು ಗೋಡೆಯಿಂದ ಮುಖ ತಿರುಗಿಸಲಿಲ್ಲ. ಟೀಚರ್ ಗಾಬರಿಯಾಗಿ, ಬಿಡ್ರಿ ಅಜ್ಜಿ, ಬಿಡ್ರಿ, ಕೂಸಿಗೆ ತ್ರಾಸ ಕೊಡಬ್ಯಾಡ್ರಿ ಎಂದರು.

ಅವತ್ತಿನಿಂದ ಅತ್ತೆ ಕೇಂದ್ರದ ಒಳಗೆ ಹೋಗುವುದನ್ನು ಬಿಟ್ಟರು. ಮಗಳನ್ನು ಬಾಗಿಲಲ್ಲಿ ಟೀಚರ್ ಕೈಗೆ ಕೊಟ್ಟು ಗೇಟಿನ ಹೊರಗೆ ಕೂರುವರು. ಬಿಸಿಲಾದರೆ ನೆರಳಿಗೆ ಸರಿಯುವರು, ಮಳೆ ಬಂದರೆ ಎದುರಿನ ಅಂಗಡಿಯ ತಗಡಿನ ಕೆಳಗೆ ನಿಲ್ಲುವರು. ಪಾಠ ಮುಗಿದ ಮೇಲೆ ಮತ್ತೆ ಸೊಂಟಕ್ಕೆ ಎತ್ತಿಕೊಂಡು ಬರುವರು. ಮನೆಯಲ್ಲಿ ಎಲ್ಲವೂ ಮೊದಲಿನ ಹಾಗೆಯೇ ಇತ್ತು. ಅದೇ ಕೇಕೆ, ಅದೇ ಕುಣಿತ. ಅಷ್ಟಿದ್ದರೂ ಅತ್ತೆ ದಿನೇ ದಿನೇ ಮಂಕಾದರು. ಓಣಿಯವರು ಏನಾದರೂ ಕೇಳಿದರೆ ಮೊದಲಿನ ಉತ್ತರ ಕೊಡುತ್ತಿರಲಿಲ್ಲ, ‘ಆಕಿ ಅವ್ವನ್ನ ಕೇಳ್ರಿ’ ಎಂದು ನನ್ನ ಕಡೆ ಕೈ ಮಾಡುತ್ತಿದ್ದರು. ನನಗೆ ಅವರ ಹಳೆಯ ಸುಳ್ಳುಗಳೇ ಬೇಕೆನಿಸುತ್ತಿತ್ತು.

ಕಾರ್ಡಿನ ಅವಧಿ ಮುಗಿಯಿತು. ಮತ್ತೆ ತಪಾಸಣೆ, ಅದೇ ಗೋಕಾಕ, ಅದೇ ಖೋಲಿ. ಅತ್ತೆ ಬಂದರು, ಆದರೆ ಹೊರಗಿನ ಬೆಂಚಿನಿಂದ ಏಳಲಿಲ್ಲ. “ನಾ ಒಳಗ ಬಂದ್ರ ಕೂಸಿಗೆ ಮತ್ತ ಸುಳ್ಳ ಹೇಳೂ ಪಾಳಿ ಬರ್ತೈತಿ. ನೀನ ಕರಕೊಂಡ ಹೋಗ,” ಎಂದರು. ನಾನು ಮಗಳನ್ನು ಎತ್ತಿಕೊಂಡು ಹೋದೆ. ಭಾರ ಎಷ್ಟಾಗಿದ್ದಾಳೆ ಎಂಬುದು ಅವತ್ತು ನನ್ನ ಸೊಂಟಕ್ಕೆ ತಿಳಿಯಿತು.

ಈ ಸಲ ಇದ್ದವರು ಬೇರೆ ಡಾಕ್ಟರು, ಹೆಣ್ಣುಮಗಳು. ಅವಸರ ಮಾಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಆಗುವುದನ್ನೂ ಆಗದ್ದನ್ನೂ. ಮನೆಯವರ ಗುರುತಿದೆಯೇ ಎಂದರು. ಎಲ್ಲರದೂ ಇದೆ ಎಂದೆ. ಹಳೆಯ ಕಾಗದ ನೋಡಿ ಹುಬ್ಬು ಏರಿಸಿದವರು ನನ್ನನ್ನು ಮತ್ತೆ ಕೇಳಲಿಲ್ಲ, ಕುರ್ಚಿ ಎಳೆದುಕೊಂಡು ಮಗಳ ಮುಂದೆಯೇ ಕೂತರು.

“ಅವ್ವ ಎಲ್ಲಿ ಅದಾಳ ಹೇಳ ನೋಡೋಣ?”

ಮಗಳು ನನ್ನ ಕಡೆ ನೋಡಿದಳು.

“ಮನ್ಯಾಗ ಅಜ್ಜಿ ಅದಾರೇನ? ಅಜ್ಜಿ ಎಲ್ಲಿ?”

ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಮಗಳು ತಿರುಗುತ್ತಿದ್ದಳು, ಆದರೆ ಗೋಡೆಗಲ್ಲ. ಕುತ್ತಿಗೆ ಸೆಟೆದು, ಮೈಯೆಲ್ಲ ಬಿಗಿದು, ಬಾಯಿಂದ ಜೊಲ್ಲು ಇಳಿಯುತ್ತ, ನನ್ನ ಭುಜದ ಮೇಲಿಂದ ಹಿಂದಕ್ಕೆ ತಿರುಗಿ, ಮುಚ್ಚಿದ ಬಾಗಿಲನ್ನು ನೋಡಿದಳು. ಆ ಬಾಗಿಲಿನ ಆಚೆಗೆ ಆಯಿ ಕೂತಿದ್ದರು. ನೋಡಿದಳು, ನೋಡುತ್ತಲೇ ಇದ್ದಳು. ಕುತ್ತಿಗೆ ಸೋತು ಬೀಳುವ ತನಕ ಕಣ್ಣು ತೆಗೆಯಲಿಲ್ಲ.

“ಹೊರಗ ಅದಾರೇನ್ರಿ ಅಜ್ಜಿ?” ಎಂದರು ಡಾಕ್ಟರು. ನಾನು ತಲೆ ಆಡಿಸಿದೆ. ಅವರು ಬರೆದುಕೊಂಡರು.

ಓಡಿ ಬಂದು ಅತ್ತೆಯ ಮುಂದೆ ನಿಂತೆ. ಹೇಳಿದೆ. ನಡೆದದ್ದನ್ನೆಲ್ಲ ಹೇಳಿದೆ, ಹೇಗೆ ತಿರುಗಿದಳು, ಎಷ್ಟು ಹೊತ್ತು ನೋಡಿದಳು, ಎಲ್ಲ. ಅಳುತ್ತಲೇ ಹೇಳಿದೆ. ಅತ್ತೆ ನನ್ನ ಕೆನ್ನೆ ಸವರಿದರು. ಮದುವೆಯಾಗಿ ಬಂದಾಗಿನಿಂದ ಒಮ್ಮೆಯೂ ಸವರಿದವರಲ್ಲ.

“ನೀ ಚೊಲೋ ಮನಸಿನಾಕಿ,” ಎಂದರು. “ನನ್ನ ಸಮಾಧಾನಕ್ಕ ಹೇಳ್ತಿ.”

“ಅತ್ತೀ, ಖರೇನ ಹೇಳಾಕತ್ತೇನ್ರಿ! ಮಗಳ ಆಣೆ. ಬರ್ರಿ ಒಳಗ, ಆ ಡಾಕ್ಟರ ಬಾಯಿಂದನ ಕೇಳ್ರಿ.” ಸುತ್ತಲಿನವರೆಲ್ಲ ನೋಡುತ್ತಿದ್ದರು. ನಾನು ಅವರ ಕೈ ಹಿಡಿದು ಎಳೆದೆ.

ಅತ್ತೆ ಕೈ ಬಿಡಿಸಿಕೊಂಡರು. “ಬ್ಯಾಡವಾ. ಆ ಖೋಲ್ಯಾಗ ಹೋದವರು ಏನ ಬೇಕೋ ಅದನ್ನ ಹೇಳ್ತಾರ. ನಾನೂ ಹೇಳೇನಲ್ಲ.”

ಇದ್ದದ್ದನ್ನು ಇದ್ದ ಹಾಗೆ ಒದರುವ ನನ್ನ ಮಾತನ್ನು ಅವತ್ತು ಅತ್ತೆ ನಂಬಲಿಲ್ಲ. ಮಗಳು ನನ್ನ ಸೊಂಟದಿಂದ ಆಯಿಯ ಕಡೆಗೆ ಮೈ ಚೆಲ್ಲುತ್ತಿದ್ದಳು. ಅತ್ತೆ ಅವಳನ್ನು ಎತ್ತಿಕೊಂಡರು, ಬಾಯಿ ಒರೆಸಿದರು, ಬಸ್ಸಿಗೆ ಹೊತ್ತಾಯಿತು ನಡಿ ಎಂದು ಮುಂದೆ ಹೊರಟರು.